ಹುಳಿಹಿಟ್ಟು, ಹಕ್ಕಲು, ಸೋಗೆ ಚಪ್ಪರ

ಏಪ್ರಿಲ್ ಸೆಕೆಗೆ ಕಾರವಾರದಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಿನ ಜಾವಕ್ಕೇ ಪಾತ್ರೆ ಮೀರಿ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ಡಿಸೆಂಬರಿನ ಶಿರಸಿಯಲ್ಲಿ ಅದೇ ಹಿಟ್ಟು ಬೆಳಿಗ್ಗೆ ಎಂಟಾದರೂ ಮಿಸುಕುವುದಿಲ್ಲ. ಅದಕ್ಕೇ ನಿನ್ನೆಯ ಹಿಟ್ಟಿನ ಒಂದು ಸೌಟು ಉಳಿಸಿ ಇವತ್ತಿನದಕ್ಕೆ ಕಲಸುವುದು. ಇವತ್ತಿನದರಲ್ಲಿ ಒಂದು ಸೌಟು ನಾಳೆಗೆ. ಈ ಸೌಟಿನ ಸರಪಳಿ ಗೊತ್ತಿದ್ದವರಿಗೆ ಬೈಬಲಿನ ಹಬ್ಬಗಳಲ್ಲಿ ಮೊದಲನೆಯದಾದ, ಐಗುಪ್ತದ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದ ಅರ್ಧ ಪಾಠ ಆಗಲೇ ಆದಂತೆ.

ಹಳೆಯ ಇಸ್ರಾಯೇಲಿನಲ್ಲಿ ಯೀಸ್ಟ್ ಪೊಟ್ಟಣ ಇರಲಿಲ್ಲ. ರೊಟ್ಟಿ ಉಬ್ಬಬೇಕೆಂದರೆ ನಿನ್ನೆಯ ಹಿಟ್ಟಿನ ಉಂಡೆ ಬೇಕು, ಅದಕ್ಕೆ ಮೊನ್ನೆಯದು, ಹೀಗೆ ವರ್ಷವಿಡೀ ಒಂದೇ ಹುಳಿಯ ಸಂತತಿ. ಪಸ್ಕದ ಹೊತ್ತಿಗೆ ಆ ಸಂತತಿಯನ್ನೇ ಕಡಿದುಹಾಕಬೇಕು. ಹಬ್ಬ ಏಳು ದಿನ. ಬರೀ ಹಿಟ್ಟು, ನೀರು ಕಲಸಿಟ್ಟು ಹೊಸ ಹುಳಿ ಎಬ್ಬಿಸಲು ಹೆಚ್ಚುಕಡಿಮೆ ಅಷ್ಟೇ ದಿನ ಬೇಕು ಎನ್ನುವುದು ಯಾರೂ ಮನೆಯಲ್ಲಿ ಮಾಡಿ ನೋಡಬಹುದಾದ ಸಂಗತಿ. ಹಳೆಯ ಹುಳಿಯನ್ನು ತೆಗೆದುಹಾಕಿ ಹೊಸ ಕಣಿಕದಂತಾಗಿ ಎಂದು ಪೌಲನು ಕೊರಿಂಥದವರಿಗೆ ಬರೆಯುವಾಗ (1 ಕೊರಿಂಥ 5:7) ಅವನ ಕಣ್ಣೆದುರು ಇದ್ದದ್ದು ಈ ಅಡುಗೆಮನೆ. ಹುಳಿ ಕೆಟ್ಟದ್ದು ಎಂದು ಅವನು ಹೇಳುತ್ತಿಲ್ಲ. ಹಳೆಯದು ತನಗೆ ತಾನೇ ನಿಲ್ಲುವುದಿಲ್ಲ, ಯಾರಾದರೂ ಒಂದು ದಿನ ಸೌಟು ಉಳಿಸದೆ ಇರಬೇಕು ಎನ್ನುತ್ತಿದ್ದಾನೆ.

ಇಲ್ಲೇ ನಮ್ಮ ಕಡೆಯ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ಕನ್ನಡ ಬೈಬಲಿನ ‘ಹುಳಿ’ ಓದಿ ಇಡ್ಲಿ, ದೋಸೆ, ಸುರೆ ಹಾಕಿ ಉಬ್ಬಿಸಿದ ಸನ್ನ ಎಲ್ಲವೂ ನಿಷಿದ್ಧ, ಮುರುಗಲು ಹುಣಸೆಯೂ ಬೇಡ ಎಂದುಕೊಳ್ಳುವವರಿದ್ದಾರೆ. ಯೆಹೂದ್ಯರ ನಿಯಮದಲ್ಲಿ ಹಾಮೇತ್ಸ್, ಅಂದರೆ ಪಸ್ಕಕ್ಕೆ ನಿಷಿದ್ಧವಾದ ಹುಳಿ, ಆಗುವುದು ಐದೇ ಧಾನ್ಯ: ಗೋಧಿ, ಜವೆ, ಸ್ಪೆಲ್ಟ್, ರೈ, ಓಟ್ಸ್. ಇವಕ್ಕೆ ನೀರು ತಾಗಿ 18 ನಿಮಿಷದೊಳಗೆ ಬೇಯದಿದ್ದರೆ ಹುಳಿ ಹಿಡಿಯಿತೆಂದೇ ಲೆಕ್ಕ. ಅಕ್ಕಿ ಈ ಪಟ್ಟಿಯಲ್ಲಿ ಇಲ್ಲ. ಯುರೋಪಿನ ಅಶ್ಕೆನಾಜಿ ಸಂಪ್ರದಾಯದವರು ಅಕ್ಕಿ, ಬೇಳೆಗಳನ್ನೂ ದೂರ ಇಟ್ಟರು. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ, ಭಾರತದ ಯೆಹೂದ್ಯರಲ್ಲಿ ಅನ್ನ ನಡೆಯುತ್ತದೆ. ಹಾಗೆ ನೋಡಿದರೆ ನಮ್ಮ ಬೇಕರಿಯ ಪಾವ್ ಹೊರಗೆ, ದೋಸೆ ಒಳಗೆ.

ಭಾರತದ ಯೆಹೂದ್ಯರೆಂದರೆ ದೂರದವರಲ್ಲ. ಇದೇ ಕೊಂಕಣ ತೀರದಲ್ಲಿ ಮೇಲೆ ಹೋದರೆ ಅಲಿಬಾಗ್ ಸುತ್ತಮುತ್ತ ಬೆನೆ ಇಸ್ರಾಯೇಲರ ಊರುಗಳು. ಎಣ್ಣೆ ಗಾಣದ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ‘ಶನಿವಾರ ತೇಲಿ’ ಎಂದು ಹೆಸರು. ಶತಮಾನಗಳ ಕಾಲ ಹೀಬ್ರೂ ಮರೆತು, ಗ್ರಂಥ ಕಳೆದುಕೊಂಡು ಬದುಕಿದವರು. ಆದರೂ ಹಬ್ಬಗಳು ಮರಾಠಿ ಹೆಸರಿನಲ್ಲಿ ಉಳಿದವು. ಪಸ್ಕಕ್ಕೆ ಅವರಲ್ಲಿದ್ದ ಹೆಸರು ‘ಅನಾಶಿ ಢಾಕಾಚಾ ಸಣ’, ಅಂದರೆ ಹುಳಿರಸದ ಮಡಕೆ ಮುಚ್ಚಿಡುವ ಹಬ್ಬ. ದೋಷಪರಿಹಾರ ದಿನಕ್ಕೆ ‘ದಾರ್‌ಫಾಳ್ಣಿಚಾ ಸಣ’, ಬಾಗಿಲು ಹಾಕಿಕೊಳ್ಳುವ ಹಬ್ಬ. ಪೂರೀಮ್ ಹಬ್ಬಕ್ಕೆ ‘ಹೋಳಿಚಾ ಸಣ’. ಏಕೆ ಎಂಬುದು ಮರೆತರೂ ಏನು ಮಾಡಬೇಕು ಎಂಬುದು ಮರೆಯಲಿಲ್ಲ. ಹಬ್ಬ ಪುಸ್ತಕಕ್ಕಿಂತ ಗಟ್ಟಿ ಎನ್ನುವುದಕ್ಕೆ ಈ ಮುಚ್ಚಿದ ಮಡಕೆಗಿಂತ ಸಾಕ್ಷಿ ಬೇಡ.

ಇನ್ನು ತಿಥಿ. ಪಂಚಾಂಗ ನೋಡಿ ಅಭ್ಯಾಸವಿರುವ ನಮಗೆ ಇದು ಸುಲಭ. ಅವರ ತಿಂಗಳೂ ಅಮಾವಾಸ್ಯೆ ಕಳೆದು ಶುರುವಾಗುತ್ತದೆ, ದಿನ ಮಾತ್ರ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ. ಪಸ್ಕ ಬರುವುದು ಅವರ ಮೊದಲ ತಿಂಗಳು ನೀಸಾನಿನಲ್ಲಿ. ನೀಸಾನ್ 14 ಎಂದರೆ ಶುಕ್ಲ ಚತುರ್ದಶಿ, ಅಂದು ಕುರಿಮರಿ ಕೊಯ್ಯುವುದು. ಕತ್ತಲಾದೊಡನೆ 15, ಹುಣ್ಣಿಮೆ ಊಟ. ಅಧಿಕಮಾಸವೂ ಇದೆ, 19 ವರ್ಷಕ್ಕೆ 7 ಸಲ. 2026ರಲ್ಲಿ ಯುಗಾದಿಯೂ ನೀಸಾನ್ 1ರೂ ಒಂದೇ ದಿನ, ಮಾರ್ಚ್ 19. ಪಸ್ಕದ ಊಟ ಏಪ್ರಿಲ್ 1ರ ರಾತ್ರಿ, ಈಸ್ಟರ್ ಏಪ್ರಿಲ್ 5. ಆದರೆ 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿದು, ಪಸ್ಕ ಏಪ್ರಿಲ್ 22ರ ರಾತ್ರಿ ಬಂತು. ಯೇಸು ಎದ್ದದ್ದು ಪಸ್ಕಕ್ಕಿಂತ ಮೊದಲೇ ಎಂದಾಯಿತಲ್ಲ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಆ ವರ್ಷ ಅವರಿಗೆ ಅಧಿಕಮಾಸ ಇತ್ತು. ಚರ್ಚ್ ಆ ಲೆಕ್ಕ ಅನುಸರಿಸುವುದಿಲ್ಲ; 325ರ ನಿಕೇಯ ಸಭೆಯ ನಂತರ ನೆಲೆಯಾದ ಕ್ರಮದಂತೆ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಏಷ್ಯಾ ಮೈನರಿನ ಸಭೆಗಳು ವಾರ ಯಾವುದೇ ಇರಲಿ, ಚತುರ್ದಶಿಗೇ ಆಚರಿಸುತ್ತಿದ್ದವು; ಅದಕ್ಕಾಗಿ ಎರಡನೆಯ ಶತಮಾನದಲ್ಲಿ ರೋಮಿನವರೊಂದಿಗೆ ದೊಡ್ಡ ಜಗಳವೇ ನಡೆಯಿತು.

ಕೊಂಕಣಿಯಲ್ಲಿ ಪ್ರಾರ್ಥಿಸುವವರಿಗೆ ಒಂದು ಅನುಕೂಲ ಉಂಟು. ಕನ್ನಡದಲ್ಲಿ ಈಸ್ಟರ್ ಎನ್ನುವುದನ್ನು ಅವರು ‘ಪಾಸ್ಕಾಂಚೆಂ ಫೆಸ್ತ್’ ಎನ್ನುತ್ತಾರೆ. ಪೋರ್ಚುಗೀಸರ ಪಾಸ್ಕೋವಾ, ಅದರ ಹಿಂದೆ ಹೀಬ್ರೂವಿನ ಪೆಸಾಖ್. ಹೆಸರಿನಲ್ಲೇ ಹಬ್ಬ ಕೂತಿದೆ.

ಈಗ ಕುರಿಮರಿಯ ವಿಷಯ. ವಿಮೋಚನಕಾಂಡ 12ನ್ನು ನಿಧಾನವಾಗಿ ಓದಿದರೆ ಅದು ಅಡುಗೆ ವಿಧಾನದ ಹಾಗೇ ಇದೆ. ಹತ್ತನೆಯ ದಿನ ಮರಿ ಆರಿಸಬೇಕು, ಹದಿನಾಲ್ಕರವರೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಕು. ಗಂಡು, ಒಂದು ವರ್ಷದ್ದು, ಊನವಿಲ್ಲದ್ದು. ಕುರಿಯೇ ಆಗಬೇಕಿಲ್ಲ, ಆಡಿನ ಮರಿಯೂ ಆದೀತು. ಮನೆಯಲ್ಲಿ ಜನ ಕಡಿಮೆಯಿದ್ದರೆ ನೆರೆಮನೆಯವರನ್ನು ಸೇರಿಸಿಕೊಳ್ಳಬೇಕು. ರಕ್ತವನ್ನು ಹಿಸ್ಸೋಪು ಎಂಬ ಗಿಡದ ಕಟ್ಟಿನಿಂದ ಬಾಗಿಲಿನ ಎರಡೂ ನಿಲುವಿಗೆ, ಮೇಲಿನ ಪಟ್ಟಿಗೆ ಹಚ್ಚಬೇಕು; ಹೊಸ್ತಿಲಿಗೆ ಅಲ್ಲ. ನೀರಿನಲ್ಲಿ ಬೇಯಿಸುವಂತಿಲ್ಲ, ಬೆಂಕಿಯಲ್ಲೇ ಸುಡಬೇಕು, ಬೆಳಗಿಗೆ ಏನೂ ಉಳಿಯಬಾರದು, ಎಲುಬು ಮುರಿಯಬಾರದು. ಕೊನೆಯ ಮಾತಿಗೂ ಸುಡುವುದಕ್ಕೂ ಸಂಬಂಧ ಇದೆ. ಬೇಯಿಸಬೇಕೆಂದರೆ ಪಾತ್ರೆಗೆ ಹಿಡಿಸುವಷ್ಟು ಕಡಿಯಲೇಬೇಕು, ಆಗ ಎಲುಬು ಉಳಿಯುವುದಿಲ್ಲ. ಇಡಿಯಾಗಿ ಸುಟ್ಟರೆ ಮಾತ್ರ ಉಳಿಯುತ್ತದೆ. ಯೋಹಾನ 19ರಲ್ಲಿ ಸೈನಿಕರು ಯೇಸುವಿನ ಕಾಲು ಮುರಿಯದೆ ಬಿಟ್ಟದ್ದನ್ನು ಸುವಾರ್ತೆ ಯಾಕೆ ಅಷ್ಟು ಒತ್ತಿ ಹೇಳುತ್ತದೆ, ಹುಳಿರಸದ ಸ್ಪಂಜನ್ನು ಅದೇ ಹಿಸ್ಸೋಪಿನ ಮೇಲೆ ಯಾಕೆ ಇಡಿಸುತ್ತದೆ ಎಂಬುದು ಈ ಅಡುಗೆ ಓದದವರಿಗೆ ಗೊತ್ತಾಗುವುದಿಲ್ಲ. ನನಗೆ ಕಾಡುವುದು ಆ ನಾಲ್ಕು ದಿನ. ಅಂಗಳದಲ್ಲಿ ಕಟ್ಟಿದ ಮರಿಗೆ ಸೊಪ್ಪು ಹಾಕಿದ ಮಕ್ಕಳು ಇರುತ್ತಾರಲ್ಲ. ಬಲಿ ಎನ್ನುವುದು ಅವರಿಗೆ ಪದವಾಗಿ ಉಳಿಯುವುದಿಲ್ಲ.

ಈಚೆಗೆ ಪವಿತ್ರ ಗುರುವಾರದ ಸುತ್ತ ‘ಸೇದೆರ್ ಊಟ’, ಅಂದರೆ ಯೆಹೂದ್ಯರ ಪಸ್ಕರಾತ್ರಿಯ ವಿಧಿಯೂಟ, ಏರ್ಪಡಿಸುವ ಉತ್ಸಾಹ ಅಲ್ಲಲ್ಲಿ ಕಾಣುತ್ತದೆ. ತಟ್ಟೆಯಲ್ಲಿ ಮೂಳೆ, ಮೊಟ್ಟೆ, ಕಹಿಸೊಪ್ಪು, ನಾಲ್ಕು ಲೋಟ ದ್ರಾಕ್ಷಾರಸ. ಯೇಸುವಿನ ಕಡೆಯ ಭೋಜನ ಹೀಗೇ ಇತ್ತು ಎಂಬ ವಿವರಣೆ. ಹೀಗೇ ಇತ್ತು ಎನ್ನಲು ಆಧಾರವಿಲ್ಲ. ಯೆರೂಸಲೇಮಿನ ದೇವಾಲಯ ಬಿದ್ದದ್ದು 70ರಲ್ಲಿ. ಅಲ್ಲಿಯವರೆಗೆ ಪಸ್ಕ ಎಂದರೆ ದೇವಾಲಯದಲ್ಲಿ ಕೊಯ್ದ ಮರಿಯ ಊಟ. ದೇವಾಲಯ ಹೋದ ಮೇಲೆ ಕುರಿಮರಿ ಇಲ್ಲದೆ ಹಬ್ಬ ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಯೆಹೂದ್ಯ ಗುರುಗಳು ಕೊಟ್ಟ ಉತ್ತರವೇ ಇವತ್ತಿನ ಸೇದೆರ್. ನಾಲ್ಕು ಲೋಟದ ಕ್ರಮ ಬರಹದಲ್ಲಿ ಸಿಗುವುದು ಸುಮಾರು 200ರಲ್ಲಿ ಸಂಕಲನವಾದ, ಯೆಹೂದ್ಯ ಗುರುಗಳ ನಿಯಮ ಸಂಗ್ರಹವಾದ ಮಿಶ್ನಾದಲ್ಲಿ. ಹುಳಿಯಿಲ್ಲದ ಮೂರು ಮಾಚ್ಚಾ ರೊಟ್ಟಿಗಳಲ್ಲಿ ನಡುವಿನದನ್ನು ಮುರಿದು ಅಡಗಿಸುವುದು ತ್ರಿತ್ವದ ಗುಟ್ಟು ಎನ್ನುವುದಂತೂ ಕೇಳಲು ಚೆಂದ, ಅಷ್ಟೇ. ಸಾಲದ್ದಕ್ಕೆ ಮೊದಲ ಮೂರು ಸುವಾರ್ತೆಗಳ ಲೆಕ್ಕದಲ್ಲಿ ಆ ಊಟ ಪಸ್ಕದ್ದು; ಯೋಹಾನನ ಲೆಕ್ಕದಲ್ಲಿ ಪಸ್ಕದ ಊಟ ಇನ್ನೂ ಆಗಿಲ್ಲ, ಮರಿ ಕೊಯ್ಯುವ ಹೊತ್ತಿಗೇ ಯೇಸು ಶಿಲುಬೆಯ ಮೇಲಿದ್ದಾನೆ. ಸೇದೆರ್ ಮಾಡಿ ಕೊನೆಗೆ ಹೊಸ ಒಡಂಬಡಿಕೆ ಓದಿ ಅದಕ್ಕೆ ದೀಕ್ಷಾಸ್ನಾನ ಕೊಟ್ಟಂತೆ ಮಾಡುವುದು ತಪ್ಪು ಎಂದು ಅಮೆರಿಕದ ಕಥೋಲಿಕ ಬಿಷಪರು 1988ರಲ್ಲೇ ಬರೆದರು. ಅದು ನಮ್ಮ ಕಡೆಗೂ ಸಲ್ಲುವ ಮಾತು. ಬೇರೆಯವರ ಬದುಕಿರುವ ಹಬ್ಬವನ್ನು ನಾಟಕದ ಸಾಮಾನಾಗಿ ಎತ್ತಿಕೊಳ್ಳಬಾರದು.

ಕೇರಳದ ಸಂತ ತೋಮನ ಕ್ರೈಸ್ತರ ಪೆಸಹಾ ಅಪ್ಪ ಇದಕ್ಕಿಂತ ಬೇರೆ. ಅಕ್ಕಿ, ಉದ್ದು ಅರೆದು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿ, ಗರಿಗಳ ಭಾನುವಾರದ ಎಲೆಯಿಂದ ಶಿಲುಬೆ ಇಟ್ಟು, ಮನೆಯ ಹಿರಿಯ ಮುರಿದು ಹಂಚುವ ಅಪ್ಪ, ಜೊತೆಗೆ ತೆಂಗಿನ ಹಾಲು ಬೆಲ್ಲ. ಅದು ಅವರದೇ, ಮನೆಯೊಳಗೇ ಬೆಳೆದದ್ದು.

ಮಕ್ಕಳಿಗೆ ರುಚಿ ತೋರಿಸಲೇಬೇಕು ಎನ್ನುವ ಧರ್ಮೋಪದೇಶದ ತರಗತಿಯವರಿಗೆ ನಾನು ಹೇಳುವುದು ಒಂದೇ: ಊಟದ ನಾಟಕ ಬಿಡಿ, ರೊಟ್ಟಿ ಮಾಡಿಸಿ. 250 ಗ್ರಾಂ ಗೋಧಿ ಹಿಟ್ಟು, 130 ಮಿಲಿ ಆಸುಪಾಸು ನೀರು. ಉಪ್ಪು ಬೇಡ, ಎಣ್ಣೆ ಬೇಡ. ಕಾವಲಿ ಮೊದಲೇ ಚೆನ್ನಾಗಿ ಕಾದಿರಬೇಕು, ಏಕೆಂದರೆ ನೀರು ಬಿದ್ದ ಕ್ಷಣದಿಂದ ಗಡಿಯಾರ ಓಡುತ್ತದೆ. ಎರಡು ಮೂರು ನಿಮಿಷ ನಾದಿ, ನೆನೆಯಲು ಬಿಡದೆ, ಎಂಟು ಉಂಡೆ ಮಾಡಿ ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ. ಫೋರ್ಕಿನಿಂದ ತುಂಬ ಚುಚ್ಚಿ. ಇಲ್ಲವಾದರೆ ಚಪಾತಿಯಂತೆ ಉಬ್ಬುತ್ತದೆ, ಮಕ್ಕಳು ಅದನ್ನೇ ಹುಳಿ ಅಂದುಕೊಳ್ಳುತ್ತಾರೆ. ಅದು ಬರೀ ಆವಿ. ಒಬ್ಬರೇ ಮಾಡಿದರೆ 18 ನಿಮಿಷದಲ್ಲಿ ಎಂಟು ಮುಗಿಯುವುದಿಲ್ಲ, ನಾಲ್ಕು ಕೈ ಬೇಕು. ಐಗುಪ್ತದಿಂದ ಅವಸರದಲ್ಲಿ ಹೊರಟದ್ದು ಎಂದು ಬಾಯಲ್ಲಿ ಹೇಳುವುದು ಬೇರೆ, ಲಟ್ಟಣಿಗೆ ಹಿಡಿದ ಕೈಗೆ ಗೊತ್ತಾಗುವುದು ಬೇರೆ. ಇದು ಯೆಹೂದ್ಯರ ನಿಯಮಕ್ಕೆ ಒಪ್ಪುವ ಮಾಚ್ಚಾ ಅಲ್ಲ ಎಂಬುದನ್ನೂ ಹೇಳಿ. ಅದಕ್ಕೆ ಕೊಯ್ಲಿನಿಂದಲೋ ಬೀಸುವ ಹೊತ್ತಿನಿಂದಲೋ ಹಿಟ್ಟನ್ನು ನೀರು ತಾಗದಂತೆ ಕಾಯಬೇಕು. ಆಮೇಲೆ ಚರ್ಚಿನಲ್ಲಿ ಕೈಗೆ ಸಿಗುವ ತೆಳು ಬಿಳಿ ರೊಟ್ಟಿಯೂ ಇದೇ ವಂಶದ್ದು, ಗೋಧಿ ಮತ್ತು ನೀರು ಅಷ್ಟೇ ಎಂದು ತೋರಿಸಿದರೆ ಸಾಕು.

ನಾನು ಹೇಳಬೇಕಾದದ್ದು ಇಷ್ಟೇ ಎಂದರೂ ಆದೀತು. ಈ ಹಬ್ಬಗಳನ್ನು ಹೊಸದಾಗಿ ತಂದು ಹೇರಬೇಕಿಲ್ಲ, ಅವು ಆಗಲೇ ನಮ್ಮ ಪ್ರಾರ್ಥನೆಯೊಳಗೆ ಇವೆ. ಪವಿತ್ರ ಗುರುವಾರದ ಮೊದಲ ವಾಚನವೇ ವಿಮೋಚನಕಾಂಡ 12. ಈಸ್ಟರ್ ಜಾಗರಣೆಯಲ್ಲಿ ಹಳೆಯ ಒಡಂಬಡಿಕೆಯ ವಾಚನಗಳನ್ನು ಹೊತ್ತಾಯಿತೆಂದು ಕಡಿಮೆ ಮಾಡಬಹುದು, ಆದರೆ ಕೆಂಪು ಸಮುದ್ರ ದಾಟಿದ 14ನೆಯ ಅಧ್ಯಾಯವನ್ನು ಮಾತ್ರ ಬಿಡುವಂತಿಲ್ಲ. ಬೇಕಾದದ್ದು ಆ ವಾಚನ ಹೇಳುವ ವಸ್ತುಗಳನ್ನು ಗುರುತು ಹಿಡಿಯುವ ಕಣ್ಣು. ಕ್ರೈಸ್ತರೆಲ್ಲ ಈ ಹಬ್ಬಗಳನ್ನು ಪಾಲಿಸಲೇಬೇಕು ಎಂದು ಯೂಟ್ಯೂಬಿನಲ್ಲಿ ಹೆದರಿಸುವವರಿಗೆ ಕೊಲೊಸ್ಸೆ 2:16-17 ಉತ್ತರ: ಹಬ್ಬ, ಅಮಾವಾಸ್ಯೆ, ಸಬ್ಬತ್ತು ಎಂದು ಯಾರೂ ನಿಮ್ಮನ್ನು ದೋಷಿಗಳೆಂದು ತೀರ್ಮಾನಿಸದಿರಲಿ, ಅವು ನೆರಳು. ನೆರಳೆಂದ ಮಾತ್ರಕ್ಕೆ ಹಗುರ ಮಾಡಬೇಕಿಲ್ಲ. ಮರದ ಆಕಾರ ತಿಳಿಯುವುದು ನೆರಳಿನಲ್ಲೇ.

ಪಸ್ಕದ ವಾರದಲ್ಲೇ ಮೊದಲ ಫಲದ ಸಿವುಡು ಬರುತ್ತದೆ. ಹೊಸ ಜವೆ ಕೊಯ್ದು ದೇವರ ಮುಂದೆ ಆಡಿಸುವುದು. ಒಂದು ಓಮೆರ್, ಸುಮಾರು 2 ಲೀಟರ್ ಧಾನ್ಯ. ಅದನ್ನು ಅರ್ಪಿಸುವವರೆಗೆ ಹೊಸ ಬೆಳೆ ಬಾಯಿಗೆ ಹಾಕುವಂತಿಲ್ಲ. ನಮ್ಮ ‘ಹೊಸತು’ ಊಟದ ನಿಯಮವೂ ಅದೇ ತಾನೆ? ಕ್ರಿಸ್ತನು ಸತ್ತವರೊಳಗಿಂದ ಎದ್ದ ಪ್ರಥಮ ಫಲ ಎಂದು ಪೌಲ ಬರೆದದ್ದರ ಜೀವಾಳ ‘ಮೊದಲು’ ಎಂಬುದರಲ್ಲಿ ಇಲ್ಲ, ‘ಫಲ’ ಎಂಬುದರಲ್ಲಿ ಇದೆ. ಮೊದಲ ತೆನೆ ಭತ್ತದ್ದಾದರೆ ಗದ್ದೆಯೆಲ್ಲ ಭತ್ತವೇ. ಆದರೆ ಇದನ್ನು ಏಪ್ರಿಲ್ಲಿನಲ್ಲಿ ಕುಮಟೆಯಲ್ಲೋ ಹೊನ್ನಾವರದಲ್ಲೋ ತೆನೆ ಹಿಡಿದು ವಿವರಿಸಲು ಹೊರಟರೆ ಹೆಚ್ಚಿನ ಗದ್ದೆ ಖಾಲಿ, ಮರದಲ್ಲಿ ಗೇರು ಮಾವು ಮಾತ್ರ. ಅವರ ನಾಡಿನಲ್ಲಿ ಮಳೆ ಚಳಿಗಾಲದ್ದು, ಕೊಯ್ಲು ವಸಂತದ್ದು, ನಮ್ಮದು ತಿರುಗಾಮುರುಗಾ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನದ ಹೊತ್ತಿಗೆ ಹೊಸ ತೆನೆ ಆಶೀರ್ವದಿಸಿ ಮನೆಗೆ ಒಯ್ಯುವ ಪದ್ಧತಿ ಇದೆಯಲ್ಲ, ಪ್ರಥಮ ಫಲದ ಪಾಠಕ್ಕೆ ಅದೇ ಸರಿಯಾದ ದಿನ.

ಅಲ್ಲಿಂದ 50ನೆಯ ದಿನ ವಾರಗಳ ಹಬ್ಬ, ನಮ್ಮ ಪಂಚಾಶತ್ತಮ (ಪೆಂಟೆಕೋಸ್ಟ್). ಗೋಧಿ ಕೊಯ್ಲು. ಇಲ್ಲಿ ಒಂದು ತಿರುವು: ಈ ದಿನ ಅರ್ಪಿಸುವ ಎರಡು ರೊಟ್ಟಿ ಹುಳಿ ಹಾಕಿದವೇ ಆಗಿರಬೇಕು (ಯಾಜಕಕಾಂಡ 23:17). ವೇದಿಯ ಮೇಲೆ ಸುಡುವಂತಿಲ್ಲ ಅಷ್ಟೇ. ವೇದಿಗೆ ಹುಳಿಯೂ ಇಲ್ಲ, ಜೇನೂ ಇಲ್ಲ, ಉಪ್ಪು ಮಾತ್ರ ಕಡ್ಡಾಯ. ಶಿರಸಿಯ ಜೇನು ಕೆಳಗೇ ಉಳಿಯುತ್ತಿತ್ತು, ಸಾಣಿಕಟ್ಟೆಯ ಉಪ್ಪು ಏರುತ್ತಿತ್ತು ಅನ್ನಿ. ಹುಳಿಯೇ ಪಾಪ ಎಂದು ಪ್ರತಿ ವರ್ಷ ಬೋಧಿಸುವವರು ಈ ಎರಡು ರೊಟ್ಟಿಯ ಮುಂದೆ ತಡವರಿಸುತ್ತಾರೆ.

ಆದರೆ ಆ ಅಧ್ಯಾಯದಲ್ಲಿ ಜನ ದಾಟಿಹೋಗುವ ಸಾಲು ಮುಂದಿದೆ. ಹಬ್ಬಗಳ ಪಟ್ಟಿಯ ನಡುವೆ, ಪಂಚಾಶತ್ತಮದ ಬೆನ್ನಿಗೇ, 22ನೆಯ ವಚನ: ಹೊಲದ ಅಂಚು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆಯ ಹಕ್ಕಲಾಯಬೇಡ, ಬಡವನಿಗೂ ಪರದೇಶಿಗೂ ಬಿಡು. ಎಷ್ಟು ಬಿಡಬೇಕು ಎಂಬುದಕ್ಕೆ ಮಿಶ್ನಾ ಕನಿಷ್ಠ ಅಳತೆ ಹೇಳುತ್ತದೆ, ಅರವತ್ತರಲ್ಲಿ ಒಂದು ಪಾಲು, ಹೆಚ್ಚಿಗೆ ಮಿತಿಯಿಲ್ಲ. ರಂಪಣಿ ಬಲೆಯಲ್ಲಿ ಎಳೆದವರಿಗೆ ಪಾಲು ಸಿಗುತ್ತದೆ. ಹಕ್ಕಲು ಬಿತ್ತದವರ ಪಾಲು, ದಾನವೂ ಅಲ್ಲ, ಅವರ ಹಕ್ಕು. ಯೆಹೂದ್ಯರು ಆ ಹಬ್ಬಕ್ಕೆ ರೂತಳ ಗ್ರಂಥ ಓದುತ್ತಾರೆ. ಅವಳು ಹಕ್ಕಲಾಯ್ದ ಪರದೇಶಿ ಹೆಂಗಸು, ದಾವೀದನ ಮುತ್ತಜ್ಜಿ. ಪಂಚಾಶತ್ತಮ ಎಂದರೆ ಬಿರುಗಾಳಿ, ಬೆಂಕಿಯ ನಾಲಿಗೆ, ಅನ್ಯಭಾಷೆ ಎಂದು ನಿಲ್ಲಿಸುವ ಬೋಧನೆಗೆ ಈ ಹಕ್ಕಲು ಸೇರಿದರೆ, ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದ ಕೊನೆಯಲ್ಲಿ ಆಸ್ತಿ ಮಾರಿ ಹಂಚಿಕೊಂಡವರು ಏಕಾಏಕಿ ಎಲ್ಲಿಂದಲೋ ಬಂದಂತೆ ಕಾಣುವುದಿಲ್ಲ.

ಏಳನೆಯ ತಿಂಗಳ ಮೊದಲ ದಿನದ ಕೊಂಬೂದುವ ಹಬ್ಬದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಗರಿನ ಕೊಂಬು ರೂಢಿ, ದನದ್ದು ಆಗದು. ಪ್ರತಿ ಸೆಪ್ಟೆಂಬರಿನಲ್ಲಿ ಈ ದಿನ ಹಿಡಿದು ಲೋಕಾಂತ್ಯದ ತಾರೀಕು ಹೇಳುವವರು ಹುಟ್ಟಿಕೊಳ್ಳುತ್ತಾರೆ, ಅಕ್ಟೋಬರಿನಲ್ಲಿ ಸುಮ್ಮನಾಗುತ್ತಾರೆ.

ಹತ್ತನೆಯ ದಿನ ದೋಷಪರಿಹಾರ ದಿನ, ಉಪವಾಸ. ಯಾಜಕಕಾಂಡ 16: ಎರಡು ಹೋತ, ಚೀಟಿ ಹಾಕಿ ಒಂದು ದೇವರಿಗೆ, ಒಂದು ಕಾಡಿಗೆ. ಮಹಾಯಾಜಕ ಅಂದು ಚಿನ್ನದ ಉಡುಪು ಬಿಟ್ಟು ಬಿಳಿ ನಾರುಬಟ್ಟೆಯಲ್ಲಿ ಒಳಕೋಣೆಗೆ ಹೋಗಬೇಕು. ದೇವಾಲಯದ ಕಾಲದಲ್ಲಿ ಆ ಒಂದು ದಿನ ಅವನಿಗೆ ಐದು ಸಲ ಮುಳುಗಿ ಸ್ನಾನ, ಹತ್ತು ಸಲ ಕೈಕಾಲು ತೊಳೆಯುವುದು ಇತ್ತೆಂದು ಮಿಶ್ನಾ ಎಣಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯ ಇದನ್ನೇ ಎದುರಿಗಿಟ್ಟುಕೊಂಡು ‘ಒಂದೇ ಸಾರಿ’ ಎನ್ನುತ್ತದೆ. ಚರ್ಚಿನ ಪಂಚಾಂಗದಲ್ಲಿ ಇದಕ್ಕೆ ಬೇರೆ ದಿನವಿಲ್ಲ, ಶುಭ ಶುಕ್ರವಾರವೇ ಅದನ್ನು ನುಂಗಿಕೊಂಡಿದೆ. ನುಂಗುವಾಗ ಒಂದು ತುಣುಕು ಕೆಳಗೆ ಬಿತ್ತು: ನೆರೆಯವನಿಗೆ ಮಾಡಿದ ತಪ್ಪನ್ನು ಈ ದಿನ ಪರಿಹರಿಸುವುದಿಲ್ಲ, ಮೊದಲು ಅವನನ್ನೇ ಸಮಾಧಾನ ಮಾಡಬೇಕು ಎಂಬ ಮಿಶ್ನಾದ ಮಾತು. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಹೋಗಿ ಒಂದಾಗಿ ಬಾ ಎಂದ ಮತ್ತಾಯ 5ರ ಮಾತೂ ಅದೇ ಮಣ್ಣಿನದು. ಗಡಿಬೇಲಿ ತಂಟೆ ಇಟ್ಟುಕೊಂಡೇ ಪಾಪನಿವೇದನೆಗೆ ಸಾಲು ನಿಲ್ಲುವ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹದಿನೈದಕ್ಕೆ ಪರ್ಣಶಾಲೆಗಳ ಹಬ್ಬ, ಏಳು ದಿನ ಚಪ್ಪರದಲ್ಲಿ ವಾಸ. 2026ರಲ್ಲಿ ಸೆಪ್ಟೆಂಬರ್ 25ರ ಸಂಜೆಯಿಂದ. ಇದನ್ನು ಉತ್ತರ ಕನ್ನಡದವರಿಗೆ ವಿವರಿಸುವುದು ಸುಲಭ, ಚಪ್ಪರ ಹಾಕುವುದು ನಮ್ಮ ಕೈಗೆ ಬಂದ ಕೆಲಸ. ನಿಯಮ ಬಿಗಿ ಇರುವುದು ಗೋಡೆಗಿಂತ ಮಾಡಿಗೆ: ನೆಲದಲ್ಲಿ ಬೆಳೆದದ್ದಾಗಿರಬೇಕು, ಕಡಿದದ್ದಾಗಿರಬೇಕು, ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಅಡಿಕೆ ಸೋಗೆ ಆಗುತ್ತದೆ, ಬಿದಿರು ಆಗುತ್ತದೆ. ತಗಡು, ಟಾರ್ಪಾಲು ಆಗದು. ಅಂಗಳದ ಮಲ್ಲಿಗೆ ಬಳ್ಳಿ ಹಬ್ಬಿಸಿದ ಚಪ್ಪರವೂ ಆಗದು, ಬಳ್ಳಿ ಇನ್ನೂ ಬೇರಿನಲ್ಲಿದೆ. ಮರದ ಕೊಂಬೆಯ ಕೆಳಗೆ ಕಟ್ಟಿದರೂ ಕೆಟ್ಟಿತು. ನಮ್ಮವರು ಮಳೆಗೆ ಹೆದರಿ ಸೋಗೆಯನ್ನು ಎರಡು ಮೂರು ಪದರ ಹೊದೆಸುತ್ತಾರೆ. ಮಳೆ ಒಳಗಿಳಿಯದಷ್ಟು ದಟ್ಟವಾದರೆ ಅದು ಮನೆಯಾಯಿತು, ಪರ್ಣಶಾಲೆಯಲ್ಲ. ಕೈಯಲ್ಲಿ ಹಿಡಿಯುವ ನಾಲ್ಕು ವಸ್ತುಗಳಲ್ಲಿ ಒಂದು ನಮ್ಮ ಮಾದಳದ ಜಾತಿಯ ಹಣ್ಣು. ನಿಂಬೆಗೆ ಕಸಿ ಕಟ್ಟಿದ ಗಿಡದ್ದು ನಡೆಯುವುದಿಲ್ಲ. ಇನ್ನುಳಿದವು ಖರ್ಜೂರದ ಎಳೆ ಗರಿ, ಮಿರ್ಟಲ್, ವಿಲ್ಲೋ.

ಮಳೆ ಬಂದರೆ? ಅಂಬಲಿ ಕೆಡುವಷ್ಟು ಬಂದರೆ ಎದ್ದು ಒಳಗೆ ಹೋಗಬಹುದು ಎಂದು ಮಿಶ್ನಾ. ನಮ್ಮ ಸೆಪ್ಟೆಂಬರಿನಲ್ಲಿ ಇದು ದಿನಾ ಆಗುವ ಸಂಗತಿ. ಅಲ್ಲಿ ಮಾತ್ರ ಆ ಹೊತ್ತಿಗೆ ಆರು ತಿಂಗಳ ಒಣಹವೆ ಮುಗಿಯುತ್ತ ಬಂದಿರುತ್ತದೆ, ತೊಟ್ಟಿಗಳ ತಳ ಕಾಣುತ್ತಿರುತ್ತದೆ. ಅದಕ್ಕೇ ಆ ಏಳು ದಿನವೂ ಯಾಜಕನು ಸಿಲೋವ ಕೊಳದಿಂದ ಚಿನ್ನದ ಹೂಜಿಯಲ್ಲಿ ಮೂರು ಲೋಗ್, ಒಂದು ಲೀಟರಿನಷ್ಟು ನೀರು ತುಂಬಿ ತಂದು ವೇದಿಯ ಮೇಲೆ ಸುರಿಯುತ್ತಿದ್ದನು. ರಾತ್ರಿ ದೊಡ್ಡ ದೀಪಸ್ತಂಭ, ಕುಣಿತ. ಹಬ್ಬದ ಕೊನೆಯ ದಿನ ಯೇಸು ನಿಂತು, ಬಾಯಾರಿದವರು ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿದ್ದು (ಯೋಹಾನ 7:37) ಆ ಹೂಜಿಯ ಎದುರಿಗೆ. ಮುಂದಿನ ಅಧ್ಯಾಯದಲ್ಲಿ ಲೋಕಕ್ಕೆ ಬೆಳಕು ಎಂದದ್ದು ಆ ದೀಪಗಳ ನೆನಪಿನಲ್ಲಿ. ಮೇ ತಿಂಗಳಲ್ಲಿ ಅಘನಾಶಿನಿ ಗಜನಿಯ ಪಕ್ಕದ ಬಾವಿಗಳು ಉಪ್ಪಾಗಿ, ಟ್ಯಾಂಕರ್ ಬರುವ ದಿನ ಕೊಡಗಳು ಸಾಲು ಕೂರುವಾಗ ಈ ಅಧ್ಯಾಯ ಓದಿಸಬೇಕು. ಸೆಪ್ಟೆಂಬರಿನಲ್ಲಿ ಓದಿಸಿದರೆ ಹೊರಗೆ ಹಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ಕೇಳಿಸುವುದೂ ಇಲ್ಲ.